ಗ್ರೀಕರ ಸೋದರಮಾವ

ನಮ್ಮ ಮನೆಯಲ್ಲಿ ನೆಂಟಸ್ತಿಕೆ ವಿಚಾರಿಸದೆ ಯಾವ ದೇವರಿಗೂ ಪ್ರವೇಶವಿರಲಿಲ್ಲ. ಇದು ಅಜ್ಜಿಯ ಕಾನೂನು. ಅಪ್ಪನ ತಾಯಿಯಾದ ಈ ಅಜ್ಜಿ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಅವಳಿಗೂ ಶಿವನಿಗೂ ನಡುವೆ ಇನ್ನೊಬ್ಬರು ಬೇಕಿರಲಿಲ್ಲ. ಎದ್ದ ಮೇಲೆ ಮಾತ್ರ ಸುತ್ತಲಿನ ಗುಡಿಗಳ ದೇವರುಗಳೆಲ್ಲ ಅವಳಿಗೆ ಒಬ್ಬರಿಗೊಬ್ಬರು ಏನಾಗಬೇಕು ಎಂಬುದರಿಂದಲೇ ಅರ್ಥವಾಗುತ್ತಿದ್ದರು. ಈ ಅಮ್ಮ ಆ ಅಮ್ಮನ ತಂಗಿ. ಇವಳು ಮುನಿಸಿಕೊಂಡು ಊರಾಚೆ ಕೂತವಳು. ಅವನು ಇವಳ ಅಣ್ಣ, ವರ್ಷಕ್ಕೊಮ್ಮೆ ಸೀರೆ ಕಳಿಸುತ್ತಾನೆ. ನೆಂಟಸ್ತಿಕೆ ತಿಳಿಯದ ದೇವರೆಂದರೆ ಅವಳ ಪಾಲಿಗೆ ಬಸ್ಸಿಳಿದು ಬಂದ ಅಪರಿಚಿತ. ಕುಡಿಯಲು ನೀರು ಕೊಡಬಹುದು, ನಡುಮನೆಗೆ ಕರೆಯಬಾರದು. ಇಂಥ ಮನೆಗೆ ಗ್ರೀಕ್ ದೇವತೆಗಳು ಸಂಸಾರ ಸಮೇತ ಬಂದಿಳಿದದ್ದು ನಾನಿನ್ನೂ ಲಂಗ ತೊಡುತ್ತಿದ್ದ ಕಾಲದಲ್ಲಿ. ಅವರು ಏನು ಹೇಳಲು ಬಂದಿದ್ದರೋ ನನಗೆ ಅಂದು ತಿಳಿಯಲಿಲ್ಲ. ಈಗ ನಮ್ಮೂರು ಅಜ್ಜಂಪುರವೇ ತಾಲ್ಲೂಕು ಕೇಂದ್ರವಾಗಿ ಗಂಭೀರ ಮುಖ ಮಾಡಿಕೊಂಡಿದೆ. ನನಗೂ ವಯಸ್ಸಿನ ದೆಸೆಯಿಂದ ಒಂದಿಷ್ಟು ಗಾಂಭೀರ್ಯ ಬಂದಿದೆ. ತಿಳಿವು ಮಾತ್ರ ಲಂಗದ ಕಾಲದಲ್ಲಿ ಎಷ್ಟಿತ್ತೋ ಅಷ್ಟೇ ಇದೆ.

ಅವರನ್ನು ಕರೆತಂದವನು ಚಿಕ್ಕಪ್ಪ, ಅಪ್ಪನ ತಮ್ಮ ಮಲ್ಲೇಶ. ಬಿ.ಎ. ಓದಲು ಶಿವಮೊಗ್ಗಕ್ಕೆ ಹೋಗಿದ್ದವನು ಉಳಿದ ವಿಷಯಗಳನ್ನೆಲ್ಲ ಪಾಸು ಮಾಡಿ, ಇಂಗ್ಲಿಷೊಂದನ್ನು ಅಲ್ಲೇ ಬಿಟ್ಟು ಮನೆಗೆ ಬಂದಿದ್ದ. ಅವನ ವಿವರಣೆಯ ಪ್ರಕಾರ ತಪ್ಪು ಅವನದಾಗಿರಲಿಲ್ಲ. ಇಂಗ್ಲಿಷ್ ಕವಿಗಳು ತಮ್ಮ ದೇವರು ಸಾಲದೆ ಗ್ರೀಕರ ದೇವರುಗಳನ್ನೆಲ್ಲ ತಂದು ಪದ್ಯದ ತುಂಬ ಕೂರಿಸಿದ್ದಾರೆ. ಅವರು ಯಾರೆಂದು ತಿಳಿಯದವನಿಗೆ ಪದ್ಯ ಬಾಗಿಲು ತೆಗೆಯುವುದಿಲ್ಲ. ಆದ್ದರಿಂದ ಮುಂದಿನ ಪರೀಕ್ಷೆಗೆಂದು ರಟ್ಟು ಕಿತ್ತುಹೋದ ದಪ್ಪ ಪುಸ್ತಕವೊಂದನ್ನು ತಂದಿದ್ದ. ಅವನ ತಲೆಯ ವಿಶೇಷವೆಂದರೆ, ಓದಿದ್ದನ್ನು ಇನ್ನೊಬ್ಬರಿಗೆ ಕನ್ನಡದಲ್ಲಿ ಹೇಳದ ಹೊರತು ಅದು ಒಳಗೆ ನಿಲ್ಲುತ್ತಿರಲಿಲ್ಲ. ಹೀಗಾಗಿ ದೀಪ ಹಚ್ಚಿದ ಹೊತ್ತಿನಿಂದ ಊಟಕ್ಕೆ ತಟ್ಟೆ ಹಾಕುವವರೆಗೆ ನಮ್ಮ ನಡುಮನೆಯಲ್ಲಿ ಗ್ರೀಕ್ ಪುರಾಣ ಪ್ರವಚನ ನಡೆಯತೊಡಗಿತು. ಕಂಬಕ್ಕೊರಗಿ ಅಜ್ಜಿ, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾ ಅಕ್ಕ ಗಿರಿಜ, ಅವಳ ಮಗ್ಗುಲಲ್ಲಿ ನಾನು. ಹತ್ತಿ, ಮೆಣಸಿನಕಾಯಿ ವ್ಯಾಪಾರ ಮುಗಿಸಿ ಬಂದ ಅಪ್ಪ ಮೂಲೆಯಲ್ಲಿ ಕೂತು, ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಪೇಪರ್ ಓದುತ್ತಿದ್ದ. ಅಮ್ಮ ಅಡುಗೆಮನೆಯ ಹೊಸ್ತಿಲಿನ ಆಚೆ. ಅವಳು ಕೇಳಿಸಿಕೊಳ್ಳುತ್ತಿದ್ದಾಳೋ ಇಲ್ಲವೋ ಎಂಬುದು ರೊಟ್ಟಿ ತಟ್ಟುವ ಸದ್ದು ನಿಂತಾಗ ಮಾತ್ರ ಗೊತ್ತಾಗುತ್ತಿತ್ತು.

ಅಮ್ಮನಿಗೆ ಬಂದ ಮೊದಲ ಸಂಕಟ ಆ ಪುಸ್ತಕವನ್ನು ಎಲ್ಲಿಡಬೇಕೆಂಬುದು. ಒಳಗಿರುವವರು ಎಷ್ಟೆಂದರೂ ದೇವರು. ನೆಲದ ಮೇಲಿಟ್ಟರೆ ಕಾಲು ತಗಲುತ್ತದೆ. ಅವರ ನಡತೆ ಕೇಳಿದ ಮೇಲೆ ದೇವರ ಕೋಣೆಗೆ ಸೇರಿಸುವ ಹಾಗೂ ಇಲ್ಲ. ಕೊನೆಗೆ ಉಪ್ಪಿನಕಾಯಿ ಜಾಡಿಗಳ ಹಲಗೆಯ ಮೇಲೆ ಜಾಗ ಸಿಕ್ಕಿತು. ಗ್ರೀಕರ ದೇವಲೋಕ ಒಂದು ಬೆಟ್ಟದ ತುದಿಯಲ್ಲಿದೆಯಂತೆ. ನಮ್ಮ ಮನೆಯಲ್ಲಿ ಅದು ನಿಂಬೆಕಾಯಿಗೂ ಮಾವಿನಕಾಯಿಗೂ ನಡುವೆ ಇತ್ತು. ಮುಂದೆ ನಾನು ತರೀಕೆರೆಯ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿದ್ದಾಗ ಗ್ರೀಕ್ ನಾಗರಿಕತೆ ಎಂದೊಡನೆ ಬಾಯಲ್ಲಿ ನೀರೂರುತ್ತಿತ್ತು. ಮಕ್ಕಳು ಅದನ್ನು ವಿಷಯದ ಮೇಲಿನ ಪ್ರೀತಿಯೆಂದು ತಿಳಿದಿದ್ದರು.

ಮೊದಲನೆಯ ಸಂಜೆಯೇ ಅಜ್ಜಿ ವಿಚಾರಣೆ ಶುರುಮಾಡಿದಳು.

"ಇವ್ರು ಯಾವ ಮಠದ ಒಕ್ಕಲೋ?"

"ಅವರಿಗೆ ಮಠ ಅಂತ ಇಲ್ಲ ಕಣವ್ವಾ," ಎಂದ ಚಿಕ್ಕಪ್ಪ.

"ಮಠ ಇಲ್ದಿದ್ರೆ, ತಪ್ಪು ಮಾಡ್ದಾಗ ಕರ್ದು ಕೇಳೋರ್ಯಾರು?"

"ಯಾರೂ ಇಲ್ಲ."

"ಅದಕ್ಕೇ ಹಂಗವ್ರೆ."

ಇಷ್ಟಕ್ಕೆ ಒಂದು ಇಡೀ ದೇವಕುಲದ ಮೊಕದ್ದಮೆ ಇತ್ಯರ್ಥವಾಯಿತು. ಅವರ ಯಜಮಾನನಾದ ಜಿಯಸ್ ಒಮ್ಮೆ ಹೋರಿಯಾಗಿ, ಒಮ್ಮೆ ಹಂಸವಾಗಿ ಕಂಡವರ ಹೆಣ್ಣುಮಕ್ಕಳ ಹಿಂದೆ ಹೋಗುತ್ತಿದ್ದನೆಂದು ಕೇಳಿದಾಗ ಅಜ್ಜಿ, "ಮನುಷ್ಯನಾಗಿ ಹೋದ್ರೆ ಒದೀತಾರೆ ಅಂತ ಗೊತ್ತು ಮುಂಡೇದಕ್ಕೆ" ಎಂದಳು. ಅವನ ಹೆಂಡತಿ ಹೇರಾಳ ಬಗ್ಗೆ ಮಾತ್ರ ಅವಳಿಗೆ ಆರಂಭದಿಂದಲೂ ಸಹಾನುಭೂತಿ. ಆ ಹೆಂಗಸಿನ ಕೋಪವನ್ನು ಪುಸ್ತಕ ದೋಷವೆಂದು ಬರೆದಿತ್ತು. ಅಜ್ಜಿ ಅದನ್ನು ತಾಳ್ಮೆಯೆಂದು ತಿದ್ದಿಸಿದಳು.

ಮೂವರು ಅಣ್ಣತಮ್ಮಂದಿರು ಲೋಕವನ್ನು ಚೀಟಿ ಎತ್ತಿ ಭಾಗ ಮಾಡಿಕೊಂಡ ಕಥೆ ಬಂದ ದಿನ ಅಪ್ಪನ ಪೇಪರ್ ಮೊದಲ ಬಾರಿಗೆ ಕೆಳಗಿಳಿಯಿತು. ಆಕಾಶ ಜಿಯಸ್‌ಗೆ ಬಂತು, ಸಮುದ್ರ ಇನ್ನೊಬ್ಬನಿಗೆ, ನೆಲದ ಕೆಳಗಿನ ಕತ್ತಲೆ ಲೋಕ ಹೇಡೀಸ್ ಎಂಬುವನಿಗೆ.

"ಭೂಮಿ?" ಎಂದ ಅಪ್ಪ.

"ಭೂಮಿ ಮೂವರಿಗೂ ಸೇರಿದ್ದು ಅಣ್ಣಯ್ಯ."

"ಜಂಟಿ ಖಾತೆ ಅನ್ನು. ಕೆಟ್ಟ್ರು ಬಿಡು."

ಒಳಗೆ ರೊಟ್ಟಿಯ ಸದ್ದು ನಿಂತಿತು.

"ಮಲ್ಲೇಶ, ಅಕ್ಕತಂಗೇರೂ ಇದ್ರು ಅಂದ್ಯಲ್ಲ. ಅವ್ರಿಗೇನ್ ಬಂತು?"

ಚಿಕ್ಕಪ್ಪ ಹಿಂದಿನ ಪುಟ ನೋಡಿದ, ಮುಂದಿನ ಪುಟ ನೋಡಿದ.

"ಏನೂ ಬರ್ದಿಲ್ಲ ಅತ್ತಿಗೆ."

ಸದ್ದು ಮತ್ತೆ ಶುರುವಾಯಿತು.

ಆ ಕೆಳಗಿನ ಲೋಕದ ದೊರೆಯನ್ನು ಕಣ್ಣಾರೆ ಕಂಡಿದ್ದೇನೆ ಎಂಬುದು ನನ್ನ ಆಗಿನ ದೃಢ ನಂಬಿಕೆ. ನಮ್ಮ ಅಂಗಳದಲ್ಲಿ ಒಂದು ಹಗೇವು ಇತ್ತು. ನೆಲದೊಳಗೆ ತೋಡಿದ, ಕತ್ತು ಸಣ್ಣದಾಗಿ ಹೊಟ್ಟೆ ದೊಡ್ಡದಾದ ಗುಂಡಿ ಅದು. ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆಗೆಯುವ ದಿನ ಮಾತ್ರ ಮನೆಯವರೆಲ್ಲರ ಮುಖದಲ್ಲಿ ಭಯ. ಒಳಗೆ ಕೂತ ಗಾಳಿ ಮನುಷ್ಯನನ್ನು ಕೊಂದುಬಿಡುತ್ತದೆ. ಚಪ್ಪಡಿ ಸರಿಸಿ, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿದರೆ ಇನ್ನೂ ಕಾಯಬೇಕು. ಇಳಿಯುತ್ತಿದ್ದವನು ಸಿದ್ದೇಶ ಮಾವ, ಅಮ್ಮನ ತಮ್ಮ. ಅದಕ್ಕೆಂದೇ ಅವಳ ತವರೂರು ಚೌಳಹಿರಿಯೂರಿನಿಂದ ಬರುತ್ತಿದ್ದ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಕತ್ತಲೆಯೊಳಗೆ ಮಾಯವಾಗಿ, ಸ್ವಲ್ಪ ಹೊತ್ತಿಗೆ ಬೇರೆ ಯಾರದೋ ದನಿಯಲ್ಲಿ "ಬುಟ್ಟಿ ಇಳಿಸ್ರಲೇ" ಎಂದು ಕೂಗುತ್ತಿದ್ದ. ಕೆಲಸ ಮುಗಿಸಿ ಮೇಲೆ ಬಂದಾಗ ರೆಪ್ಪೆಯ ಮೇಲೂ ರಾಗಿಯ ಧೂಳು. ಆ ಬೂದು ಮುಖದಲ್ಲಿ ಹಲ್ಲು ಮಾತ್ರ ನಗುತ್ತಿದ್ದವು. ನನಗೆ ಕಡಲೆಮಿಠಾಯಿ ತಂದುಕೊಡುತ್ತಿದ್ದ ಒಳ್ಳೆಯ ಮನುಷ್ಯ. ಆದರೂ ಚಿಕ್ಕಪ್ಪ ಹೇಡೀಸ್‌ನ ವಿಷಯ ಓದಿದಾಗ ನನ್ನ ಕಣ್ಣಮುಂದೆ ಬಂದದ್ದು ಇವನೇ. ಆಮೇಲೆ ಕಡಲೆಮಿಠಾಯಿಯನ್ನು ತೆಗೆದುಕೊಳ್ಳಬೇಕೋ ಬೇಡವೋ ಎಂದು ಗೊಂದಲವಾಗಿ, ತೆಗೆದುಕೊಂಡು ಹಿತ್ತಲಿಗೆ ಹೋಗಿ ತಿನ್ನತೊಡಗಿದೆ.

ಒಂದು ದಿನ ಊಟದ ನಡುವೆ ಅಪ್ಪ, ಮಳೆಯ ವಿಷಯ ಹೇಳುವಂತೆ ಹೇಳಿದ:

"ಬೀರೂರು ಸ್ಟೇಷನ್ನಾಗೆ ಸಿದ್ದೇಶ ಸಿಕ್ಕಿದ್ದ. ಗಿರಿಜನ್ನ ಕೊಡ್ತೀನಿ ಅಂತ ಮಾತು ಕೊಟ್ಟೆ."

ಅಕ್ಕನ ಮಗಳನ್ನು ತಮ್ಮನಿಗೆ ತಂದುಕೊಳ್ಳುವುದು ನಮ್ಮ ಕಡೆ ಹೊಸದಲ್ಲ. ಹೆಣ್ಣು ಗೊತ್ತಿರುವ ಮನೆಗೇ ಹೋಗುತ್ತಾಳೆ, ತಾಯಿಯ ತವರಿನ ದಾರಿ ಸವೆಯದೆ ಉಳಿಯುತ್ತದೆ ಎಂದು ತಾಯಂದಿರೇ ಹಟ ಹಿಡಿದು ಮಾಡಿಸುವ ಸಂಬಂಧ ಅದು. ಅಜ್ಜಿ "ಒಳ್ಳೇದಾಯ್ತು" ಎಂದಳು. ಚಿಕ್ಕಪ್ಪ ತಲೆಯಾಡಿಸಿದ. ಅಕ್ಕ ತಟ್ಟೆಯನ್ನು ನೋಡುತ್ತಿದ್ದಳು. ಅದರಲ್ಲಿ ಮುದ್ದೆಯ ಹೊರತು ನೋಡುವಂಥದ್ದೇನೂ ಇರಲಿಲ್ಲ. ಅಮ್ಮ ಅಪ್ಪನ ತಟ್ಟೆಗೆ ಉಪ್ಪು ಬಡಿಸಿದಳು, ಒಳಗೆ ಹೋಗಿ ಬಂದು ಇನ್ನೊಮ್ಮೆ ಬಡಿಸಿದಳು. ಅಪ್ಪ ಕಲಸಿಕೊಂಡು ಸುಮ್ಮನೆ ಉಂಡ. ಹೆಂಡತಿಯನ್ನು ಕೇಳದೆ ಮಾತು ಕೊಟ್ಟುಬಂದ ಗಂಡಸಿಗೆ ಉಪ್ಪಿನ ವಿಷಯ ಎತ್ತುವ ಧೈರ್ಯವಿರುವುದಿಲ್ಲ.

ಅದೇ ವಾರ ಚಿಕ್ಕಪ್ಪನ ಪ್ರವಚನ ಹೇಡೀಸ್‌ನ ಮದುವೆಗೆ ಬಂದು ನಿಲ್ಲಬೇಕೆ? ಡಿಮೀಟರ್ ಎಂಬವಳು ಬೆಳೆಯ ದೇವತೆ. ಅಜ್ಜಿ ಅವಳನ್ನು ಧಾನ್ಯದವ್ವ ಎಂದು ಕರೆದಳು. ಅವಳ ಮಗಳು ಪರ್ಸೆಫನಿ ಹೂ ಕೀಳುತ್ತಿದ್ದಾಗ ನೆಲ ಬಾಯಿಬಿಟ್ಟು, ಒಳಗಿನಿಂದ ಹೇಡೀಸ್ ರಥದಲ್ಲಿ ಬಂದು ಅವಳನ್ನು ಹೊತ್ತುಕೊಂಡು ಹೋದ. ಹುಡುಗಿಯ ತಂದೆ ಮೊದಲೇ ಒಪ್ಪಿದ್ದ. ತಾಯಿ ಊರೂರು ಹುಡುಕಿ, ಸಿಗದೆ, ಲೋಕದಲ್ಲಿ ಒಂದು ಕಾಳೂ ಮೊಳೆಯದಂತೆ ಮಾಡಿ ಕೂತುಬಿಟ್ಟಳು. ಜನ ಹಸಿದು ಸಾಯುವ ಹೊತ್ತಿಗೆ ಮೇಲಿನವರು ಹೆದರಿ ಹುಡುಗಿಯನ್ನು ವಾಪಸು ಕರೆಸಿದರು. ಆದರೆ ಅಷ್ಟರಲ್ಲಿ ಅವಳು ಗಂಡನ ಮನೆಯಲ್ಲಿ ದಾಳಿಂಬೆ ಬೀಜ ತಿಂದಿದ್ದಳು. ಅಲ್ಲಿಯದನ್ನು ತಿಂದವರು ಅಲ್ಲಿಯವರೇ. ಹಾಗಾಗಿ ವರ್ಷದಲ್ಲಿ ಒಂದು ಪಾಲು ಅವಳು ಕೆಳಗೆ ಗಂಡನ ಜೊತೆ, ಎರಡು ಪಾಲು ಮೇಲೆ ತಾಯಿಯ ಜೊತೆ ಇರಬೇಕೆಂದು ತೀರ್ಮಾನವಾಯಿತು.

"ತಡಿ ತಡಿ," ಎಂದಳು ಅಜ್ಜಿ. "ಆ ಕೆಳಗಿನ ಮನೆಯೋನು ಧಾನ್ಯದವ್ವಂಗೆ ಏನಾಗ್ಬೇಕು?"

"ತಮ್ಮ."

"ಒಡಹುಟ್ಟಿದೋನಾ?"

"ಹೂಂ ಕಣವ್ವಾ."

"ಅಂದ್ರೆ ಹುಡುಗಿಗೆ ಸೋದರಮಾವ!" ಅಜ್ಜಿ ನೆಲಕ್ಕೆ ಅಂಗೈ ಬಡಿದಳು. "ಅಯ್ಯೋ ಹುಚ್ಚಪ್ಪ, ಸೋದರಮಾವ ಕರ್ಕಂಡು ಹೋದ್ರೆ ಹೊತ್ಕಂಡು ಹೋದ ಅಂತ ಯಾಕ್ ಬರ್ದವ್ರೆ? ಅವನ ಹಕ್ಕು ಕಣೋ ಅದು!"

"ಅವರ ಕಡೆ ಹಂಗಿಲ್ಲ ಕಣವ್ವಾ."

"ಹಂಗಿಲ್ದಿದ್ರೆ ಅವರಪ್ಪ ಯಾಕ್ ಒಪ್ದ?"

ಹುಡುಗಿಯ ತಂದೆ ಯಾರೆಂಬುದನ್ನು ಚಿಕ್ಕಪ್ಪ ಆ ಸಂಜೆ "ಯಾರೋ ಒಬ್ಬ ಯಜಮಾನ" ಎಂದು ದಾಟಿಸಿದ್ದ. ಆ ಯಜಮಾನ ಜಿಯಸ್ಸೇ, ಎಂದರೆ ಧಾನ್ಯದವ್ವನ ಇನ್ನೊಬ್ಬ ಒಡಹುಟ್ಟಿದವನೇ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಅಜ್ಜಿಯ ಆರೋಗ್ಯದ ದೃಷ್ಟಿಯಿಂದ ಚಿಕ್ಕಪ್ಪ ಮಾಡಿದ್ದು ಸರಿ.

ಅಮ್ಮ ಹಿಟ್ಟಿನ ಕೈಯಲ್ಲೇ ಹೊಸ್ತಿಲಿಗೆ ಬಂದು ನಿಂತಿದ್ದಳು.

"ತಾಯಿನ ಕೇಳಿದ್ರಾ?"

"ಇಲ್ಲ ಅತ್ತಿಗೆ. ಅದಕ್ಕೇ ಅವಳಿಗೆ ಸಿಟ್ಟು ಬಂದಿದ್ದು."

"ಆಮೇಲೆ ಅವಳು ತವರು ಅಂತ ಎಲ್ಲಿಗೆ ಹೋಗ್ತಿದ್ಲು?"

"ಯಾರು, ಹುಡುಗಿನಾ?"

"ಅಲ್ಲ. ತಾಯಿ."

ಚಿಕ್ಕಪ್ಪ ಪುಟ ತಿರುವಿದ. ಈ ಪ್ರಶ್ನೆಯನ್ನು ಗ್ರೀಕರು ನಿರೀಕ್ಷಿಸಿದಂತೆ ಕಾಣಲಿಲ್ಲ. ನಮಗೂ ಅದು ಅರ್ಥವಾಗಲಿಲ್ಲ. ಆಗ, ಮದುವೆಯ ಸುದ್ದಿ ಬಂದ ಮೇಲೆ ಬಾಯಿಯನ್ನೇ ತೆರೆಯದಿದ್ದ ಅಕ್ಕ, ಮೆಣಸಿನಕಾಯಿಯಿಂದ ಕಣ್ಣೆತ್ತದೆ ಕೇಳಿದಳು:

"ಚಿಕ್ಕಪ್ಪಾ, ಆ ದಾಳಿಂಬೆ ಅವಳಾಗೇ ತಿಂದ್ಲೋ, ಅವನು ತಿನ್ನಿಸಿದ್ನೋ?"

"ಒಂದ್ಕಡೆ ಅವನು ಗುಟ್ಟಾಗಿ ಕೊಟ್ಟ ಅಂತೈತೆ. ಮುಂದಕ್ಕೆ, ಬಲವಂತ ಮಾಡಿ ತಿನ್ನಿಸ್ದ ಅಂತ ಅವಳೇ ತಾಯಿಗೆ ಹೇಳ್ತಾಳೆ."

"ತಾಯಿ ಮುಂದೆ ಇನ್ನೇನ್ ಹೇಳ್ತಾಳೆ?" ಎಂದು ಅಕ್ಕ ಇನ್ನೊಂದು ತೊಟ್ಟು ಮುರಿದಳು.

ಆ ಹೊತ್ತಿಗೆ ಅಮ್ಮ ಹೊಸ್ತಿಲಲ್ಲೇ ಇದ್ದಳೋ, ಒಳಗೆ ಹೋಗಿದ್ದಳೋ, ರೊಟ್ಟಿಯ ಸದ್ದು ಕೇಳುತ್ತಿತ್ತೋ ಇಲ್ಲವೋ, ನಾನು ಗಮನಿಸಲಿಲ್ಲ. ಈ ಇಡೀ ಅಧ್ಯಾಯದಲ್ಲಿ ನನಗೆ ಖಚಿತವಾಗಿ ಬೇಕಾಗಿದ್ದ ಸಂಗತಿ ಅದೊಂದೇ.

ಸಕ್ಕರೆ ಶಾಸ್ತ್ರದ ದಿನ ಬಂತು. ಗಂಡಿನ ಕಡೆಯ ಹಿರಿಯಳು ಹುಡುಗಿಯ ಅಂಗೈಗೆ ಸಕ್ಕರೆ ಹಾಕುತ್ತಾಳೆ. ಹುಡುಗಿ ಅದನ್ನು ಬಾಯಿಗೆ ಹಾಕಿಕೊಂಡರೆ ಸಂಬಂಧ ಕುದುರಿದಂತೆ. ಆಮೇಲೆ ಮುರಿದರೆ ಎರಡೂ ಮನೆಗೆ ತಲೆತಗ್ಗಿಸುವ ಕೆಲಸ. ನಮ್ಮ ಮನೆಯಲ್ಲಿ ಬೆಳಿಗ್ಗೆ ಒಲೆ ಸಾರಿಸಿ, ವಿಭೂತಿಯ ಗೆರೆ ಎಳೆದು, ಆಮೇಲೆ ಬೆಂಕಿ ಹಚ್ಚುವುದು ಪದ್ಧತಿ. ಆ ದಿನ ಒಲೆ ಸಾರಿಸಿಯಾಗಿತ್ತು, ಗೆರೆಯೂ ಇತ್ತು, ಬೆಂಕಿ ಇರಲಿಲ್ಲ. ಅಮ್ಮ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೈಕಟ್ಟಿ ಕೂತಿದ್ದಳು. ಕೆಲಸವಿಲ್ಲದೆ ಕೂತ ಅಮ್ಮನನ್ನು ಅದುವರೆಗೆ ನೋಡಿರದ ನಾನು ಅವಳ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಅಪ್ಪ ಬಂದ.

"ಏನೇ, ಒಲೆ ಹಚ್ಚಿಲ್ವಾ?"

"ಇಲ್ಲ."

"ಹುಷಾರಿಲ್ವಾ?"

"ಹುಷಾರಾಗೇ ಇದೀನಿ."

"ಮಧ್ಯಾಹ್ನ ನೆಂಟರು ಬತ್ತಾರಲ್ಲೇ!"

"ಬರ್ಲಿ. ನೀವು ಮಾತು ಕೊಟ್ಟಿದೀರಲ್ಲ, ಅದನ್ನೇ ಬಡಿಸಿ."

ಅಪ್ಪ ಸುತ್ತ ನೋಡಿದ. ಬಯ್ಯಲು ಸುಲಭವಾಗಿ ಸಿಕ್ಕವನು ಚಿಕ್ಕಪ್ಪ.

"ಇದೆಲ್ಲ ನಿನ್ ಪುಸ್ತಕದಿಂದ ಬಂದಿದ್ದು ಕಣೋ. ಆ ಧಾನ್ಯದವ್ವನ ಕಥೆ ತೆಗ್ದಾಗ್ಲೇ ಅನ್ಕೊಂಡೆ."

"ಪರೀಕ್ಷೆಗೆ ಬರ್ತೈತೆ ಅಂತ ಓದ್ದೆ ಅಣ್ಣಯ್ಯ. ಮನೆಗೇ ಬರ್ತೈತೆ ಅಂತ ನಂಗೇನ್ ಗೊತ್ತು?"

ಅಪ್ಪ ಮತ್ತೆ ಅಮ್ಮನ ಕಡೆ ತಿರುಗಿದ. "ಎಲ್ಲಾ ಹೆಂಗಸ್ರೂ ನಮ್ ತವರಿಗೇ ಮಗಳನ್ನ ಕೊಡಿ ಅಂತ ಅಳ್ತಾರೆ. ನೀನು ಕೊಟ್ರೆ ಅಳ್ತೀಯಲ್ಲೇ! ನಿನ್ ತಮ್ಮ ಏನು ಕೆಟ್ಟೋನಾ?"

"ಬಂಗಾರದಂಥೋನು."

"ಮತ್ತಿನ್ನೇನು?"

"ನಾಳೆ ಅವ್ರಿಬ್ರು ಜಗಳ ಆಡಿದ್ರೆ ನಾನ್ ಯಾರ ಕಡೆ ನಿಂತ್ಕಳ್ಲಿ? ಮಗಳ ಕಡೆ ನಿಂತ್ರೆ ತವರು ಹೋಯ್ತು. ತಮ್ಮನ ಕಡೆ ನಿಂತ್ರೆ ಮಗಳು ಹೋದ್ಲು. ಈ ಮನೇಲಿ ಬೇಜಾರಾದ್ರೆ ಹೋಗಿ ಕೂತ್ಕಳಕ್ಕೆ ಅಂತ ನಂಗಿದ್ದಿದ್ದು ಒಂದೇ ಜಾಗ ಕಣ್ರೀ. ಅದನ್ನ ಕೊಟ್ಬಿಡೋಕೆ ಮುಂಚೆ ನನ್ನ ಒಂದ್ ಮಾತು ಕೇಳ್ಬೇಕಿತ್ತೋ ಬೇಡ್ವೋ?"

ಹೆಂಗಸಿಗೆ ಗಂಡನ ಮನೆಯಲ್ಲಿ ಬೇಜಾರಾಗುವುದುಂಟು ಎಂಬ ಸಂಗತಿ ಅಪ್ಪನಿಗೆ ಆಗ ತಾನೆ ತಿಳಿದಂತಿತ್ತು. ಜಗಲಿಗೆ ಹೋಗಿ, ಎಲ್ಲಿಗೂ ಹೊರಡದೆ, ಚಪ್ಪಲಿ ಹಾಕಿಕೊಂಡು ಕೂತ. ಅಜ್ಜಿ ಗೊಣಗುತ್ತಾ ತಾನೇ ಒಲೆ ಹಚ್ಚಿ, ನೆಂಟರ ಅಡುಗೆಗೆ ಇಟ್ಟು, ನನಗೂ ಅಕ್ಕನಿಗೂ ಒಂದೇ ತಟ್ಟೆಯಲ್ಲಿ ಒಗ್ಗರಣೆ ಅವಲಕ್ಕಿ ಹಾಕಿಕೊಟ್ಟಳು. ಆಮೇಲೆ ಅಮ್ಮ ಎದ್ದು ಅಕ್ಕನನ್ನು ಕೂರಿಸಿಕೊಂಡು ಜಡೆ ಹಾಕಿದಳು. ಹಾಕುತ್ತಾ, ಜಡೆಗೆ ಹೇಳುವಂತೆ ಹೇಳಿದಳು:

"ಕೈಗೆ ಸಕ್ಕರೆ ಹಾಕ್ತಾರೆ. ಬಾಯಿಗೆ ಹಾಕ್ಕಂಡ್ರೆ ಒಪ್ದಂಗೆ. ಬೇಡ ಅನ್ಸಿದ್ರೆ ಸೆರಗಿಗೆ ಬಿಟ್ಬಿಡು. ಮುಂದಿಂದು ನಾನ್ ನೋಡ್ಕತೀನಿ."

"ಹೂಂ," ಎಂದಳು ಅಕ್ಕ. ಯಾವುದಕ್ಕೆ ಹೂಂ ಎಂದು ಅಮ್ಮ ಕೇಳಲಿಲ್ಲ.

ಮಾವ, ಅವನ ಅಣ್ಣ, ಅತ್ತಿಗೆ ಬಂದು ಚಾಪೆಯ ಮೇಲೆ ಕೂತರು. ರಾಗಿಯ ಧೂಳಿಲ್ಲದ ಮಾವನ ಮುಖ ಯಾರದೋ ಮುಖದಂತಿತ್ತು. ಹಗ್ಗವಿಲ್ಲದೆ ಇಳಿಯಲು ಹೇಳಿದವನಂತೆ ಬೆವರುತ್ತಿದ್ದ. ಅಕ್ಕನ ಪಕ್ಕದಲ್ಲಿ ಅಜ್ಜಿ. ನಾನು ಕಂಬದ ಹಿಂದೆ. ಅಲ್ಲಿಂದ ಅಕ್ಕನ ಬೆನ್ನು, ಜಡೆ ಮತ್ತು ಬಲ ಮೊಣಕೈ ಕಾಣುತ್ತಿದ್ದವು. ಮಾವನ ಅತ್ತಿಗೆ ಅಕ್ಕನ ಅಂಗೈಗೆ ಸಕ್ಕರೆ ಹಾಕಿದಳು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ, ಅಪ್ಪ ಬೀದಿ ಬಾಗಿಲಲ್ಲಿ, ಚಿಕ್ಕಪ್ಪ ಉಪ್ಪಿನಕಾಯಿಯ ಹಲಗೆಯ ಕೆಳಗೆ. ಮೊಣಕೈ ಮೇಲೆದ್ದಿತು. ಅದೇ ಹೊತ್ತಿಗೆ ಅಜ್ಜಿಯ ಕೈಯೂ ಮೇಲೆದ್ದಿತು. ಹರಸಲಿಕ್ಕೋ, ನೊಣ ಓಡಿಸಲಿಕ್ಕೋ, ಇನ್ನೊಂದಕ್ಕೋ. ಎರಡೂ ಕೈ ಕೆಳಗಿಳಿದ ಮೇಲೆ ಕತ್ತು ಚಾಚಿ ಇಣುಕಿದರೆ ಅಕ್ಕನ ಅಂಗೈ ಖಾಲಿಯಿತ್ತು. ಸೆರಗಿನ ಮೇಲೆ ಒಂದಿಷ್ಟು ಹರಳು ಹೊಳೆಯುತ್ತಿದ್ದವು. ಉದುರಿದ್ದೋ, ಉದುರಿಸಿದ್ದೋ?

ಎಲೆ ಅಡಿಕೆ ಮುಗಿದ ಮೇಲೆ ಅಡುಗೆಮನೆಯಲ್ಲಿ ಅಮ್ಮ ಅಕ್ಕನನ್ನು ಕೇಳಿದಳು.

"ತಿಂದ್ಯಾ?"

"ಅಜ್ಜಿ ಬಾಯಿಗೆ ಹಾಕಿದ್ರು ಕಣಮ್ಮಾ."

"ಅತ್ತೆ, ನೀವ್ ಹಾಕಿದ್ರಾ?"

ಅಜ್ಜಿ ಅಕ್ಕನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

"ಹಾಕ್ದೆ ಅನ್ಕೋ."

"ಅನ್ಕೋ ಅಂದ್ರೇನತ್ತೆ?"

"ಅನ್ಕೋ ಅಂದ್ರೆ ಅನ್ಕೋ. ಬಯ್ಯೋದಿದ್ರೆ ನನ್ನೇ ಬಯ್ಕೋ. ನಾನೇನು ಇನ್ನೆಷ್ಟು ದಿನ ಇರ್ತೀನಿ?"

ಅಮ್ಮ ಬಯ್ಯಲಿಲ್ಲ. ಅಜ್ಜಿಯೂ ಆಮೇಲೆ ಬಹಳ ವರ್ಷ ಇದ್ದಳು.

ಮದುವೆಯಾಯಿತು. ಅಮ್ಮ ಹೆದರಿದ್ದ ಜಗಳ ಬರಲೇ ಇಲ್ಲ. ಅಕ್ಕ, ಮಾವ ಗಂಡಹೆಂಡಿರು ಆಡುವಷ್ಟು ಆಡಿಕೊಂಡು, ಆಡಿದ್ದನ್ನು ಚೌಳಹಿರಿಯೂರಿನಲ್ಲೇ ಮುಗಿಸಿಕೊಂಡರು. ಬಂದದ್ದು ಬೇರೊಂದು. ಮೊದಲೆಲ್ಲ ತವರಿಗೆ ಹೋದರೆ ಅಮ್ಮ ಹಿತ್ತಲ ಬಾಗಿಲಿಂದ ನುಗ್ಗಿ, ಯಾರನ್ನೂ ಕೇಳದೆ ಮಜ್ಜಿಗೆ ಬಗ್ಗಿಸಿಕೊಂಡು ಕುಡಿದು, ಕಾಲು ಚಾಚಿ ಮಲಗುತ್ತಿದ್ದಳು. ಮದುವೆಯಾದ ಮೇಲೆ ಹೋದಾಗ ಮುಂಬಾಗಿಲಲ್ಲಿ ನಿಲ್ಲಿಸಿ ಕಾಲಿಗೆ ನೀರು ಕೊಟ್ಟು, ಹೊಸ ಚಾಪೆ ಹಾಸಿ, ಲೋಟದಲ್ಲಿ ಪಾನಕ ತಂದುಕೊಟ್ಟರಂತೆ. ತಾನು ಹುಟ್ಟಿದ ಮನೆಯಲ್ಲಿ ಅಮ್ಮ ಬೀಗತಿಯಾದಳು. ಇದನ್ನು ಅವಳು ನಗುತ್ತಲೇ ನಮಗೆ ಹೇಳಿದಳು. ಅರ್ಧ ಹೇಳಿ, ಒಲೆಯ ಮೇಲೆ ಏನೋ ಇದೆಯೆಂದು ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಆಷಾಢದಲ್ಲಿ ಹೊಸ ಸೊಸೆಯರನ್ನು ತವರಿಗೆ ಕಳಿಸುವ ಪದ್ಧತಿಯಂತೆ ಅಕ್ಕ ಬಂದಾಗ ಮಾತ್ರ ಅಮ್ಮ ಒಬ್ಬಳಿಗೆ ಹತ್ತು ಜನರ ಅಡುಗೆ ಮಾಡಿದಳು. ಅಜ್ಜಿ ನೋಡಿ, "ಆ ಧಾನ್ಯದವ್ವಂಗೆ ವರ್ಷದಾಗೆ ಎರಡು ಪಾಲು ಮಗಳು ಸಿಕ್ಕಿದ್ಲು, ಆದ್ರೂ ಅತ್ಲಂತೆ. ನಮಗೆ ಒಂದು ಆಷಾಢ" ಎಂದಳು. ಚಿಕ್ಕಪ್ಪ ಪರೀಕ್ಷೆಗೆ ಕೂತು, ಹೇಡೀಸ್ ಹುಡುಗಿಯ ಸೋದರಮಾವನಾದ್ದರಿಂದ ಅಪಹರಣದ ಪ್ರಶ್ನೆಯೇ ಬರುವುದಿಲ್ಲವೆಂದು ಎರಡು ಪುಟ ಬರೆದು ಬಂದ. ಪರೀಕ್ಷಕರು ಆ ಪದ್ಧತಿಯಿಲ್ಲದ ಜನಾಂಗದವರಿದ್ದಿರಬೇಕು. ಅವನು ಅಪ್ಪನ ವ್ಯಾಪಾರಕ್ಕೆ ಸೇರಿಕೊಂಡ. ಪುಸ್ತಕ ಜಾಡಿಗಳ ನಡುವೆ ಎಣ್ಣೆ ಕುಡಿಯುತ್ತಾ ಬಹಳ ಕಾಲ ಉಳಿಯಿತು.

ಈ ಕಥೆಗೆ ತಿಳಿದವರು ಮಾಡಿರುವ ವ್ಯಾಖ್ಯಾನಗಳನ್ನು ನಾನೂ ಮುಂದೆ ಓದಿದ್ದೇನೆ. ಹುಡುಗಿಯೆಂದರೆ ಬೀಜವಂತೆ, ನೆಲದೊಳಗೆ ಹೋಗುವುದು, ಮೇಲೆ ಬರುವುದು ಬಿತ್ತನೆ ಮತ್ತು ಮೊಳಕೆಯಂತೆ. ಧಾನ್ಯವನ್ನು ನೆಲದ ಗುಂಡಿಯಲ್ಲಿಟ್ಟು ತೆಗೆಯುವುದೇ ಕಥೆಯಾಯಿತೆಂದು ಓದಿದ ದಿನ ನಮ್ಮ ಹಗೇವು ಕಣ್ಣಮುಂದೆ ಬಂದು, ಎಲ್ಲ ಅರ್ಥವಾಯಿತೆಂದುಕೊಂಡೆ. ಒಂದು ಸಂಜೆಯ ಮಟ್ಟಿಗೆ ನೆಮ್ಮದಿಯಾಗಿತ್ತು. ಆಮೇಲೆ ಅಮ್ಮ ಮೆಟ್ಟಿಲ ಮೇಲೆ ಕೈಕಟ್ಟಿ ಕೂತದ್ದು ನೆನಪಾಯಿತು. ಬೀಜಕ್ಕೆ ಸೋದರಮಾವನಿರುವುದಿಲ್ಲ. ಬೀಜದ ತಾಯಿಗೆ ತವರು ಹೋಗುವುದಿಲ್ಲ.

ಈಚೆಗೆ ಅಕ್ಕನನ್ನು ನೋಡಲು ಚೌಳಹಿರಿಯೂರಿಗೆ ಹೋಗಿದ್ದೆ. ಅಮ್ಮ, ಅಜ್ಜಿ, ಮಾವ ಯಾರೂ ಈಗಿಲ್ಲ. ಅಕ್ಕನ ಮೊಮ್ಮಗಳು ಫೋನಿನಲ್ಲಿ ಏನೋ ಆಟವಾಡುತ್ತಿದ್ದಳು. ಅದರಲ್ಲಿ ನಮ್ಮ ಹಳೆಯ ಗ್ರೀಕರೆಲ್ಲ ಬಣ್ಣಬಣ್ಣದ ಗೊಂಬೆಗಳಾಗಿ ಕತ್ತಿ ಹಿಡಿದು ಓಡಾಡುತ್ತಿದ್ದರು. ನಾನು ಕಣ್ಣು ಕಿರಿದು ಮಾಡಿ ಹೇಡೀಸ್‌ನನ್ನು ಹುಡುಕಿದೆ. ಮೈಮೇಲೆ ಒಂದು ಕಾಳು ಧೂಳಿರಲಿಲ್ಲ. ಅವಳು ತಲೆಯೆತ್ತದೆ ಕೇಳಿದಳು:

"ಅಜ್ಜೀ, ಪರ್ಸೆಫನಿ ಆ ದಾಳಿಂಬೆ ಯಾಕೆ ತಿಂದ್ಲು ಹೇಳಿ ನೋಡಣ."

"ಹಸಿವಾಗಿತ್ತು," ಎಂದಳು ಅಕ್ಕ, ಒಂದು ಕ್ಷಣವೂ ಯೋಚಿಸದೆ. "ಅವರಮ್ಮ ಒಲೆ ಹಚ್ಚಿರ್ಲಿಲ್ಲ."

ಬರ ತಂದವಳು ತಾಯಿ. ಆ ಬರದಲ್ಲಿ ಹಸಿದವಳು ಮಗಳು. ಉಳಿಸಿಕೊಳ್ಳಲೆಂದು ಹೂಡಿದ ಹಟವೇ ಕಳಿಸಿಕೊಟ್ಟಿತೇ? ಇದನ್ನು ಯಾವ ವ್ಯಾಖ್ಯಾನಕಾರನೂ ಬರೆದಂತೆ ಕಾಣಲಿಲ್ಲ. ಅರ್ಥ ಕೊನೆಗೂ ಸಿಕ್ಕಿತೆಂದು ಕಣ್ಣು ಒದ್ದೆಯಾಗುವಷ್ಟರಲ್ಲಿ ತಟ್ಟೆ ನೆನಪಾಯಿತು.

"ಅಕ್ಕಾ, ಆವತ್ತು ಅಜ್ಜಿ ನಮಗೆ ಅವಲಕ್ಕಿ ಕೊಟ್ಟಿದ್ಲಲ್ಲೇ!"

"ತಿಂದಿದ್ದು ನೀನು."

ಒಂದೇ ತಟ್ಟೆ. ಅದು ಖಾಲಿಯಾದದ್ದು ಚೆನ್ನಾಗಿ ನೆನಪಿದೆ. ಖಾಲಿ ಮಾಡಿದ್ದು ಯಾರೆಂಬುದು ಎಷ್ಟು ಕೆದಕಿದರೂ ಬರಲೊಲ್ಲದು.

"ಸುಮ್ನಿರು. ಅಮ್ಮನ ಮುಂದೆ ಅಜ್ಜಿ ಹಾಕಿದ್ರು ಅಂದೆ. ಈಗ ಮೊಮ್ಮಗಳ ಮುಂದೆ ಹಸಿವು ಅಂತೀಯ. ನನ್ ಮುಂದಾದ್ರೂ ನಿಜ ಹೇಳೇ. ಮಾವನ್ನ ಕಂಡ್ರೆ ನಿಂಗೆ ಇಷ್ಟ ಇತ್ತೋ ಇಲ್ವೋ?"

ಅಕ್ಕ ಎದ್ದು ಒಳಗೆ ಹೋದಳು. ಕಾಫಿ ಬೆರೆಸುವ ಸದ್ದಾಯಿತು. ನಾನು ಬಿಡಲಿಲ್ಲ, ಕೂತಲ್ಲಿಂದಲೇ ಕಂಬ, ಮೊಣಕೈ, ಸೆರಗಿನ ಹರಳು ಎಲ್ಲವನ್ನೂ ವರದಿ ಒಪ್ಪಿಸುತ್ತಿದ್ದೆ. ಅವಳು ಬಂದು ನನ್ನ ಮುಂದೆ ಲೋಟ ಇಟ್ಟಳು. ಮಾತಿನ ಭರದಲ್ಲಿ ನಾನು ಚಾಚಿದ್ದ ಅಂಗೈಗೆ ಏನೋ ಹಾಕಿದಳು. ನಾನು ಮಾತು ಮುಂದುವರಿಸಿದೆ. ಬಾಯಿ ಸಿಹಿಯಾದ ಮೇಲೆ ನೆನಪಾಯಿತು, ನನಗೆ ಸಕ್ಕರೆ ಕಾಯಿಲೆ. ಡಾಕ್ಟರು ಬಿಡಿಸಿದ ಮೇಲೆ ನಾನು ಸಕ್ಕರೆ ಮುಟ್ಟಿದವಳಲ್ಲ.

ಅಕ್ಕ ನನ್ನ ಖಾಲಿ ಅಂಗೈಯನ್ನು ಹಿಡಿದು ತಿರುಗಿಸಿ ನೋಡಿದಳು.

"ಹೇಳೀಗ. ನೀನಾಗೇ ತಿಂದ್ಯೋ, ನಾನು ತಿನ್ನಿಸಿದ್ನೋ?"

ಮನೆಗೆ ಹೋದರೆ, ಸಕ್ಕರೆ ಯಾಕೆ ಏರಿತೆಂದು ಮಗಳು ಕೇಳುತ್ತಾಳೆ. ಅಕ್ಕ ಬಲವಂತ ಮಾಡಿದಳು ಎನ್ನಬೇಕೆಂದು ಆಗಲೇ ತೀರ್ಮಾನಿಸಿಯಾಗಿತ್ತು.